ಮುಕ್ಕಾದ ಬಾಯಿ, ಮುರಿದ ಮೊನೆ: ಜೇಬಿನ ಚಾಕುವೊಂದರ ರಿಪೇರಿ

ದಿನವೂ ದುಡಿಯುವ ಚಾಕು ಇದು. ರಟ್ಟಿನ ಪೆಟ್ಟಿಗೆ ಬಿಚ್ಚುವುದು, ನೈಲಾನ್ ಹಗ್ಗ ಕತ್ತರಿಸುವುದು, ಕೇಬಲ್ ಟೈ ತುಂಡು ಮಾಡುವುದು, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯುವುದು, ಅಂಟಿಕೊಂಡ ಸ್ಟಿಕರ್ ಕೆರೆಯುವುದು, ಡಬ್ಬದ ಮುಚ್ಚಳ ಮೀಟುವುದು, ಎಲ್ಲದಕ್ಕೂ ಇದೇ ಬೇಕು. ಮಡಚುವ ಚಾಕು. ಅಲಗು ಸುಮಾರು 8 ಸೆಂಟಿಮೀಟರ್ ಉದ್ದ, 20 ಮಿಲಿಮೀಟರ್ ಅಗಲ, ಬೆನ್ನಿನಲ್ಲಿ 3 ಮಿಲಿಮೀಟರ್ ದಪ್ಪ. ಉಕ್ಕು ಡಿ2.

ಈಗ ಅದರ ಸ್ಥಿತಿ ಹೀಗಿದೆ. ಮೊನೆ ಸುಮಾರು 2 ಮಿಲಿಮೀಟರ್ ಮುರಿದು ಹೋಗಿದೆ. ಬುಡದ ಕಡೆ ಒಂದು ಆಳವಾದ ಮುಕ್ಕು ಇದೆ, ಅದರ ಅಕ್ಕಪಕ್ಕ ಸಣ್ಣಸಣ್ಣ ಮುಕ್ಕುಗಳಿವೆ. ನಡುಭಾಗದಲ್ಲಿ ಮುಕ್ಕಿಲ್ಲ, ಆದರೆ ಪೂರ್ತಿ ಮೊಂಡು. ಮುಂದಿನ ಬಾಗಿನಲ್ಲಿ ಅಂಚು ಒಂದು ಪಕ್ಕಕ್ಕೆ ಮಡಚಿಕೊಂಡಿದೆ. ಬಾಯಿಗೆ ಹತ್ತಿರದಲ್ಲೇ ಕಪ್ಪು ತುಕ್ಕಿನ ಚುಕ್ಕೆಗಳೂ ಇವೆ.

ಇಂಥ ಚಾಕು ಕೈಗೆ ಬಂದರೆ ಹೆಚ್ಚಿನವರು ಸೀದಾ ಕಲ್ಲಿನ ಮೇಲೆ ಇಟ್ಟು ಮಸೆಯಲು ಶುರು ಮಾಡುತ್ತಾರೆ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಮೊದಲು ಗಾಯ ನೋಡಬೇಕು. ಯಾವ ಜಾಗದಲ್ಲಿ ಏನಾಗಿದೆ ಎಂದು ಗೊತ್ತಾದರೆ, ಆ ಚಾಕುವಿನಿಂದ ಯಾವ ಕೆಲಸ ತೆಗೆಯುತ್ತಿದ್ದೇವೆ, ಅದಕ್ಕೆ ಎಂಥ ಬಾಯಿ ಬೇಕು ಅನ್ನುವುದೂ ಗೊತ್ತಾಗುತ್ತದೆ. ಕಾರ್ಖಾನೆಯಿಂದ ಬಂದ ಆಕಾರವನ್ನೇ ಮತ್ತೆ ತಂದರೆ ಅದೇ ಜಾಗ ಅದೇ ರೀತಿ ಮತ್ತೆ ಮುಕ್ಕಾಗುತ್ತದೆ.

ಗಾಯ ನೋಡುವುದು

ಬೇಕಾದದ್ದು ಒಂದು ಟಾರ್ಚು, ಒಂದು ಭೂತಗನ್ನಡಿ. ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ನೇರ ಮೇಲಿನಿಂದ ಬೆಳಕು ಬಿಡಬೇಕು. ನಿಜವಾಗಿ ಹರಿತವಾದ ಬಾಯಿ ಬೆಳಕನ್ನು ಹಿಂದಕ್ಕೆ ಎಸೆಯುವುದಿಲ್ಲ, ಯಾಕೆಂದರೆ ಅಲ್ಲಿ ಬೆಳಕು ಬೀಳುವಷ್ಟು ಜಾಗವೇ ಇರುವುದಿಲ್ಲ. ಎಲ್ಲಿ ಬಿಳಿ ಗೆರೆ ಹೊಳೆಯುತ್ತದೋ ಅಲ್ಲಿ ಬಾಯಿ ಸವೆದು ಚಪ್ಪಟೆಯಾಗಿದೆ ಎಂದರ್ಥ. ಈ ಅಲಗಿನ ನಡುಭಾಗ ಉದ್ದಕ್ಕೂ ಹೊಳೆಯಿತು.

ಆಮೇಲೆ ಉಗುರು. ಹೆಬ್ಬೆರಳಿನ ಉಗುರಿನ ಮೇಲೆ ಬಾಯಿಯನ್ನು ಒಂಚೂರೂ ಒತ್ತದೆ ಉದ್ದಕ್ಕೆ ಜಾರಿಸಿದರೆ ಕಣ್ಣಿಗೆ ಕಾಣದ ಮುಕ್ಕೂ ಕಟಕ್ ಎಂದು ತಿಳಿಯುತ್ತದೆ. ಮಡಚಿಕೊಂಡ ಅಂಚು ಬೇರೆ ತರಹ. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಗುರು ಎಳೆದರೆ ಒಂದು ಪಕ್ಕದಲ್ಲಿ ನುಣ್ಣಗೆ ಜಾರುತ್ತದೆ, ಇನ್ನೊಂದು ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ನಾಲ್ಕು ಗಾಯಗಳಿಗೂ ಕಾರಣ ಬೇರೆಬೇರೆ. ನಡುಭಾಗದ ಮೊಂಡುತನ ರಟ್ಟಿನ ಕೆಲಸ. ರಟ್ಟು ಮೆದು ಅಂತ ನಮಗೆ ಅನಿಸುತ್ತದೆ. ಆದರೆ ಮರುಬಳಕೆಯ ಕಾಗದದಿಂದ ಮಾಡಿದ ರಟ್ಟಿನಲ್ಲಿ ಮಣ್ಣು, ಮರಳಿನ ಸಣ್ಣ ಕಣಗಳು ಸೇರಿಕೊಂಡಿರುತ್ತವೆ. ಗಡಸುತನವನ್ನು ವಿಕರ್ಸ್ ಅಳತೆಯಲ್ಲಿ ನೋಡಿದರೆ ಒಳ್ಳೆಯ ಚಾಕುವಿನ ಉಕ್ಕು ಸುಮಾರು 700, ಮರಳಿನ ಕಣ 1000ಕ್ಕೂ ಮೇಲೆ. ಅಂದರೆ ಪ್ರತಿ ಪೆಟ್ಟಿಗೆಯೂ ಬಾಯಿಯನ್ನು ಒಂದಿಷ್ಟು ಉಜ್ಜಿ ತೆಗೆಯುತ್ತದೆ. ಇದು ಸಹಜ ಸವೆತ, ಇದಕ್ಕೆ ಚಿಂತೆ ಬೇಡ.

ಮುಂಭಾಗದ ಮಡಿಕೆ ಕೆರೆಯುವ ಕೆಲಸದಿಂದ ಬಂದದ್ದು. ಚಾಕುವಿನ ಬಾಯಿ ನೇರ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಪಕ್ಕದ ಒತ್ತಡವನ್ನು ತಡೆಯುವುದಿಲ್ಲ. ಸ್ಟಿಕರ್ ಕೆರೆಯುವಾಗ ಎಲ್ಲಾ ಬಲವೂ ಪಕ್ಕಕ್ಕೇ ಬೀಳುತ್ತದೆ. ಕೆರೆಯಲು ಬೆನ್ನಿನ ಚೂಪು ಮೂಲೆ ಬಳಸಿದರೆ ಈ ತೊಂದರೆಯೇ ಇಲ್ಲ.

ಬುಡದ ಮುಕ್ಕುಗಳು ಜೋರಾಗಿ ಒತ್ತಿ ಕತ್ತರಿಸುವ ಜಾಗದವು. ಹಿಡಿಗೆ ಹತ್ತಿರ ಇರುವುದರಿಂದ ಅಲ್ಲಿ ಕೈಯ ಬಲ ಜಾಸ್ತಿ ಸಿಗುತ್ತದೆ. ಕೇಬಲ್ ಟೈ, ದಪ್ಪ ಪ್ಲಾಸ್ಟಿಕ್ ಎಲ್ಲವನ್ನೂ ನಾವು ಅಲ್ಲೇ ಇಟ್ಟು ಒತ್ತುತ್ತೇವೆ. ಒತ್ತುವಾಗ ಮಣಿಕಟ್ಟು ಸ್ವಲ್ಪ ತಿರುಗಿದರೂ ಸಾಕು, ಚಕ್ಕೆ ಹಾರುತ್ತದೆ. ರಟ್ಟಿನೊಳಗಿನ ಸ್ಟೇಪ್ಲರ್ ಪಿನ್ನು ಸಿಕ್ಕರೂ ಹಾಗೇ. ಮೊನೆ ಮುರಿದದ್ದು ಮೀಟುವ ಕೆಲಸದಿಂದ. ಇದರಲ್ಲಿ ಅನುಮಾನವೇ ಇಲ್ಲ.

ಇನ್ನು ಉಕ್ಕಿನ ಗುಣ. ಡಿ2 ಮೂಲತಃ ಅಚ್ಚು ಮತ್ತು ಡೈ ಮಾಡಲು ಬಳಸುವ ಉಕ್ಕು. ಇದರಲ್ಲಿ ಇಂಗಾಲ ಸುಮಾರು 1.5 ಶೇಕಡಾ, ಕ್ರೋಮಿಯಂ ಸುಮಾರು 12 ಶೇಕಡಾ. ಚಾಕುಗಳಲ್ಲಿ ಇದನ್ನು ಸಾಮಾನ್ಯವಾಗಿ ರಾಕ್‌ವೆಲ್ ಸಿ ಎಂಬ ಇನ್ನೊಂದು ಗಡಸುತನದ ಅಳತೆಯಲ್ಲಿ 60ರ ಆಸುಪಾಸಿಗೆ ಗಡಸು ಮಾಡುತ್ತಾರೆ. ಕ್ರೋಮಿಯಂ ಮತ್ತು ಇಂಗಾಲ ಸೇರಿ ಕಾರ್ಬೈಡ್ ಎಂಬ ತುಂಬಾ ಗಡಸಾದ ಕಣಗಳಾಗುತ್ತವೆ. ಸವೆತ ತಡೆಯುವುದು ಈ ಕಣಗಳೇ. ಆದರೆ ಡಿ2ನಲ್ಲಿ ಅವು ದೊಡ್ಡದೊಡ್ಡದಾಗಿರುತ್ತವೆ. ಬಾಯಿ ತೀರಾ ತೆಳುವಾಗಿದ್ದು ಪಕ್ಕದಿಂದ ಬಲ ಬಿದ್ದರೆ ಬಾಗುವ ಬದಲು ಚಕ್ಕೆಯಾಗಿ ಒಡೆಯುತ್ತದೆ. ಕ್ರೋಮಿಯಂನ ದೊಡ್ಡ ಪಾಲು ಕಾರ್ಬೈಡ್‌ಗಳಲ್ಲೇ ಸೇರಿಹೋಗುವುದರಿಂದ ತುಕ್ಕು ತಡೆಯಲು ಸಾಕಷ್ಟು ಉಳಿಯುವುದಿಲ್ಲ. ಅದಕ್ಕೇ ಈ ಚುಕ್ಕೆಗಳು. ಅನೇಕ ಬಹು ಉಪಯೋಗಿ ಚಾಕುಗಳಲ್ಲಿ ಉಕ್ಕನ್ನು 56ರ ಸುತ್ತಮುತ್ತ ಮೆದುವಾಗಿಯೇ ಇಡುತ್ತಾರೆ. ಅಂಥದಕ್ಕೆ ಇದೇ ಕೆಲಸ ಕೊಟ್ಟಿದ್ದರೆ ಮುಕ್ಕಿನ ಬದಲು ಮಡಿಕೆಗಳೇ ಜಾಸ್ತಿ ಇರುತ್ತಿದ್ದವು. ಬೇಗ ಮೊಂಡಾಗುತ್ತಿತ್ತು, ಆದರೆ ಸರಿ ಮಾಡುವುದು ಸುಲಭವಾಗುತ್ತಿತ್ತು.

ಏನು ಮಾಡುವುದು ಎಂದು ಮೊದಲೇ ತೀರ್ಮಾನ

ಆಳವಾದ ಮುಕ್ಕು 0.7 ಮಿಲಿಮೀಟರ್ ಇತ್ತು. ಸಣ್ಣವು 0.3ರ ಒಳಗೆ. ದೊಡ್ಡ ಮುಕ್ಕು ಪೂರ್ತಿ ಹೋಗಬೇಕಾದರೆ ಇಡೀ ಬಾಯಿಯನ್ನು 0.7 ಮಿಲಿಮೀಟರ್ ಹಿಂದಕ್ಕೆ ತರಬೇಕು. ಒಂದೇ ಒಂದು ಮುಕ್ಕಿಗಾಗಿ ಅಷ್ಟು ಉಕ್ಕು ಕಳೆಯಲು ನನಗೆ ಮನಸ್ಸಿಲ್ಲ. ಬಾಯಿಯನ್ನು 0.4 ಮಾತ್ರ ಇಳಿಸುವುದು, ದೊಡ್ಡ ಮುಕ್ಕಿನ ಉಳಿದ ಭಾಗ ಮುಂದಿನ ಮಸೆತಗಳಲ್ಲಿ ತಾನಾಗಿ ಹೋಗಲಿ ಎಂದು ಬಿಡುವುದು, ಇದು ತೀರ್ಮಾನ. ಬುಡದಲ್ಲಿ ಅಷ್ಟು ಸಣ್ಣ ಮುಕ್ಕು ಉಳಿದರೆ ಕೆಲಸಕ್ಕೆ ತೊಂದರೆಯಿಲ್ಲ. ಅದೇ ಮುಂದಿನ ಬಾಗಿನಲ್ಲಿದ್ದರೆ ಬಿಡುತ್ತಿರಲಿಲ್ಲ. ಅಲ್ಲಿ ಹಗ್ಗದ ಎಳೆ ಸಿಕ್ಕಿ ನಿಲ್ಲುತ್ತದೆ.

ಎರಡನೆಯದು ಕೋನ. ಮೊದಲಿದ್ದ ಕೋನ ಒಂದೊಂದು ಪಕ್ಕಕ್ಕೆ ಸುಮಾರು 17 ಡಿಗ್ರಿ. ಮುಕ್ಕಾಗುವ ಉಕ್ಕಿಗೆ, ಈ ಕೆಲಸಕ್ಕೆ, ಅದು ಸಾಲದು. ಬಾಯಿಯ ತುದಿಗೆ 20 ಡಿಗ್ರಿ ಬೇಕು. ಸುಮ್ನೆ 20 ಡಿಗ್ರಿಗೆ ಏರಿಸಿದರೆ ಬಾಯಿ ಗಟ್ಟಿಯಾಗುತ್ತದೆ ನಿಜ, ಆದರೆ ರಟ್ಟಿನಲ್ಲಿ ಇಳಿಯುವಾಗ ಕೈಗೆ ಭಾರ ಅನಿಸುತ್ತದೆ. ಭಾರ ಅನಿಸಿದರೆ ಜಾಸ್ತಿ ಒತ್ತುತ್ತೇವೆ, ಒತ್ತಿದರೆ ಮತ್ತೆ ಮುಕ್ಕು. ಹಾಗಾಗಿ ತುದಿಯ ಹಿಂದಿನ ಭಾಗವನ್ನು 15 ಡಿಗ್ರಿಯಲ್ಲಿ ತೆಳು ಮಾಡಿ, ಕೊನೆಯ ಕೂದಲೆಳೆಯಷ್ಟು ಅಂಚಿಗೆ ಮಾತ್ರ 20 ಡಿಗ್ರಿ ಕೊಡುವುದು. ತುದಿ ಗಟ್ಟಿ, ಹಿಂದೆ ತೆಳು. ದುಡಿಯುವ ಚಾಕುವಿಗೆ ಇದಕ್ಕಿಂತ ಒಳ್ಳೆಯ ಬಾಯಿ ನಾನು ಕಂಡಿಲ್ಲ.

ಈ ತೆಳು ಮಾಡುವ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಅಲಗು ಬೆನ್ನಿನಿಂದ ಬಾಯಿಗೆ ಬರುತ್ತಾ ತೆಳುವಾಗುತ್ತದೆ ಅಲ್ವಾ? ಹಾಗಾದರೆ ಬಾಯಿ ಹಿಂದಕ್ಕೆ ಸರಿದಷ್ಟೂ ನಾವು ದಪ್ಪದ ಕಡೆಗೇ ಹೋಗುತ್ತೇವೆ. ಇದರಲ್ಲಿ ಇಳಿಜಾರು, ಅಂದರೆ ಬಾಯಿಗಾಗಿ ಮಸೆದ ಓರೆ ಭಾಗ, ಶುರುವಾಗುವ ಜಾಗದ ದಪ್ಪ ಮೊದಲು 0.5 ಮಿಲಿಮೀಟರ್ ಇತ್ತು. ಬಾಯಿ 1 ಮಿಲಿಮೀಟರ್ ಹಿಂದೆ ಬಂದರೆ ದಪ್ಪ ಸುಮಾರು 0.14 ಮಿಲಿಮೀಟರ್ ಏರುತ್ತದೆ. ವರ್ಷಗಟ್ಟಲೆ ಮಸೆದು 3 ಮಿಲಿಮೀಟರ್ ಹೋದರೆ 0.9 ದಾಟುತ್ತದೆ. ಆಗ ಎಷ್ಟು ಹರಿತ ಮಾಡಿದರೂ ಚಾಕು ಸೀಳುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಹಳೆಯ ಚಾಕು ಮೊದಲಿನ ಹಾಗೆ ಹೋಗುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

ಬಿಚ್ಚುವುದು

ತಿರುಪುಗಳು ಟಾರ್ಕ್ಸ್, ಅಂದರೆ ನಕ್ಷತ್ರದಾಕಾರದ ತಲೆಯವು, ಅಳತೆ ಟಿ6 ಮತ್ತು ಟಿ8. ತಲೆ ಸವೆಯದಂತೆ ಸರಿಯಾದ ಅಳತೆಯ ಬಿಟ್ ಹಾಕಿ, ಮೇಲಿನಿಂದ ಚೆನ್ನಾಗಿ ಒತ್ತಿ ತಿರುಗಿಸಬೇಕು. ಕೀಲಿನ ತಿರುಪು ಅಂಟು ಹಾಕಿದ್ದರಿಂದ ಬಿಗಿಯಾಗಿತ್ತು. ಬಿಸಿ ಸೋಲ್ಡರಿಂಗ್ ಕಬ್ಬಿಣವನ್ನು ಅದರ ತಲೆಗೆ ಸ್ವಲ್ಪ ಹೊತ್ತು ತಾಗಿಸಿ ಹಿಡಿದರೆ ಅಂಟು ಸಡಿಲವಾಗುತ್ತದೆ. ಅಲಗನ್ನು ಬಿಡಿಸಿಕೊಂಡ ಮೇಲೆ ಕೆಲಸ ಸುಲಭ. ರಿವೆಟ್ ಹೊಡೆದ ಚಾಕುವಾದರೆ ಬಿಚ್ಚಲು ಹೋಗಬೇಡಿ. ಕೀಲಿನ ಸುತ್ತ ಟೇಪು ಸುತ್ತಿದರೆ ಸಾಕು, ಮಸೆದ ಪುಡಿ ಒಳಗೆ ಇಳಿಯಬಾರದು ಅಷ್ಟೇ. ಇಳಿದರೆ ಕೀಲು ಸವೆದು ಅಲಗು ಅಲುಗಾಡಲು ಶುರುವಾಗುತ್ತದೆ.

ಮೊನೆ

ಮುರಿದ ಮೊನೆಯನ್ನು ಎರಡು ಕಡೆಯಿಂದ ಸರಿ ಮಾಡಬಹುದು. ಬಾಯಿಯನ್ನು ಮೇಲಕ್ಕೆ ಬಾಗಿಸಿ ಬೆನ್ನಿಗೆ ಸೇರಿಸುವುದು ಒಂದು. ಬೆನ್ನನ್ನು ಕೆಳಕ್ಕೆ ಇಳಿಸಿ ಬಾಯಿಗೆ ಸೇರಿಸುವುದು ಇನ್ನೊಂದು. ಮಡಚುವ ಚಾಕುವಿಗೆ ಎರಡನೆಯದೇ ಸರಿ. ಮಡಚಿದಾಗ ಬಾಯಿ ಹಿಡಿಯ ಒಳಗಿರುತ್ತದೆ, ಬೆನ್ನು ಹೊರಗಿರುತ್ತದೆ. ಮೊನೆಯನ್ನು ಬೆನ್ನಿನ ಕಡೆಗೆ ಎತ್ತಿದರೆ ಮಡಚಿದಾಗ ಅದು ಹಿಡಿಯಿಂದ ಹೊರಗೆ ಇಣುಕಬಹುದು. ಜೇಬಿಗೆ ಕೈ ಹಾಕಿದಾಗ ಚುಚ್ಚುವ ಚಾಕುವನ್ನು ಯಾರೂ ಇಟ್ಟುಕೊಳ್ಳಬಾರದು. ಬೆನ್ನಿನಿಂದ ಇಳಿಸಿದರೆ ಮೊನೆ ಇನ್ನೂ ಒಳಕ್ಕೆ ಹೋಗುತ್ತದೆ. ಬಾಯಿಯ ಇಳಿಜಾರೂ ಹಾಗೇ ಉಳಿಯುತ್ತದೆ. ಬೆನ್ನು ಆ ಜಾಗದಲ್ಲಿ ದಪ್ಪ ಇರುವುದರಿಂದ ಹೊಸ ಮೊನೆಯೂ ಮೊದಲಿಗಿಂತ ಗಟ್ಟಿ.

ಎಷ್ಟು ತೆಗೆಯಬೇಕು ಎಂದು ಮಾರ್ಕರ್‌ನಲ್ಲಿ ಗೆರೆ ಹಾಕಿಕೊಂಡೆ. ಕೆಲಸಕ್ಕೆ ಒರಟು ಡೈಮಂಡ್ ಪ್ಲೇಟ್, ಅಂದರೆ ವಜ್ರದ ಪುಡಿ ಕೂರಿಸಿದ ಲೋಹದ ಹಲಗೆ, ತೆಗೆದುಕೊಂಡೆ. ಮೋಟಾರಿನ ಸಾಣೆ ಚಕ್ರ ಕ್ಷಣದಲ್ಲಿ ಮುಗಿಸುತ್ತದೆ, ಗೊತ್ತು. ಆದರೆ ಮೊನೆಯಂಥ ತೆಳು ಜಾಗದಲ್ಲಿ ಬಿಸಿ ಹರಿದುಹೋಗಲು ಉಕ್ಕೇ ಇರುವುದಿಲ್ಲ. ಬಹಳಷ್ಟು ಚಾಕುಗಳನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದ ಮಾಡಿರುತ್ತಾರೆ. ಅದನ್ನು ದಾಟಿದರೆ ಉಕ್ಕು ಮೆತ್ತಗಾಗತೊಡಗುತ್ತದೆ. ನೀಲಿ ಬಣ್ಣ ಕಾಣುವ ಹೊತ್ತಿಗೆ ಹದ ಕೆಟ್ಟು ಎಷ್ಟೋ ಆಗಿರುತ್ತದೆ. ಬಣ್ಣ ಬರಲಿಲ್ಲ ಎಂದರೆ ಹದ ಉಳಿದಿದೆ ಎಂದೂ ಹೇಳಲಾಗದು. ಕೈಯಲ್ಲಿ, ನೀರು ಹಾಕುತ್ತಾ ಉಜ್ಜಿದರೆ ಈ ಭಯವಿಲ್ಲ. ತಡವಾಗುತ್ತದೆ, ಆಗಲಿ.

ಬೆನ್ನಿಗೆ ಹೊಸ ಬಾಗು ಬಂದ ಮೇಲೆ ಮರಳು ಕಾಗದದಲ್ಲಿ 240, 400, 600 ಎಂದು ಉಜ್ಜಿ ಗೀರುಗಳನ್ನು ತೆಗೆದೆ. ಹಳೆಯ ಬೆನ್ನು, ಹೊಸ ಬೆನ್ನು ಸೇರುವಲ್ಲಿ ಮೂಲೆ ಉಳಿಯಬಾರದು, ಒಂದೇ ಗೆರೆಯಾಗಿ ಹರಿಯಬೇಕು.

ಮುಕ್ಕು ತೆಗೆಯುವುದು

ಈ ಹಂತ ನೋಡುವವರಿಗೆ ಎದೆ ಧಸಕ್ಕೆನಿಸುತ್ತದೆ. ಅಲಗನ್ನು ಕಲ್ಲಿಗೆ ಲಂಬವಾಗಿ ನಿಲ್ಲಿಸಿ, ಬಾಯಿಯನ್ನೇ ನೇರವಾಗಿ ಕಲ್ಲಿಗೆ ಉಜ್ಜುವುದು. ಹರಿತ ಮಾಡುವ ಬದಲು ಪೂರ್ತಿ ಮೊಂಡು ಮಾಡುವುದು. ಆದರೂ ಇದೇ ಸರಿಯಾದ ದಾರಿ. ಇಳಿಜಾರಿನಿಂದಲೇ ಮುಕ್ಕು ತೆಗೆಯಲು ಹೋದರೆ ಮುಕ್ಕಿದ್ದ ಜಾಗದಲ್ಲೇ ಜಾಸ್ತಿ ಉಜ್ಜಿ ಬಾಯಿಯಲ್ಲಿ ಗುಳಿ ಬೀಳುತ್ತದೆ. ನೇರ ಉಜ್ಜಿದರೆ ಮೊದಲು ಬಾಯಿಯ ಗೆರೆ ಸರಿಯಾಗುತ್ತದೆ, ಆಮೇಲೆ ಇಳಿಜಾರು. ಎರಡು ಕೆಲಸವನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬಹುದು. ಮಡಚಿಕೊಂಡ ಅಂಚು, ಬಾಗಿ ಬಾಗಿ ದಣಿದ ಉಕ್ಕು, ತುದಿಯ ತುಕ್ಕು, ಎಲ್ಲವೂ ಇದರಲ್ಲೇ ಹೋಗುತ್ತವೆ.

325 ಮೆಶ್ ಪ್ಲೇಟಿನಲ್ಲಿ, ಅಂದರೆ 45 ಮೈಕ್ರಾನ್ ಕಣದ್ದರಲ್ಲಿ, ಹಗುರವಾಗಿ ಉಜ್ಜಿದೆ. ಮುಂದಿನ ಬಾಗಿನಲ್ಲಿ ಹಿಡಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಬೇಕು, ಇಲ್ಲದಿದ್ದರೆ ಬಾಗು ಚಪ್ಪಟೆಯಾಗುತ್ತದೆ. ಬುಡದಲ್ಲಿ ಇನ್ನೊಂದು ಅಪಾಯ. ಮಸೆಯದೆ ಬಿಟ್ಟ ದಪ್ಪ ಭಾಗ ಕಲ್ಲಿಗೆ ತಾಗಿದರೆ ಬಾಯಿಯ ಬುಡ ಕಲ್ಲಿನಿಂದ ಮೇಲೆ ನಿಲ್ಲುತ್ತದೆ. ಪದೇಪದೇ ಹಾಗಾದರೆ ಬುಡದಲ್ಲಿ ಒಂದು ಕೊಕ್ಕೆ, ಅದರ ಮುಂದೆ ಹಳ್ಳ. ಪ್ಲೇಟಿನ ಅಂಚನ್ನು ಬಳಸಿ ಆ ದಪ್ಪ ಭಾಗವನ್ನು ಹೊರಗಿಟ್ಟು ಉಜ್ಜಿದೆ.

ಸಣ್ಣ ಮುಕ್ಕುಗಳು ಮಾಯವಾದವು. ದೊಡ್ಡದು ಲೆಕ್ಕ ಹಾಕಿದಂತೆ 0.3ಕ್ಕೆ ಇಳಿದು ನಿಂತಿತು. ಬಾಯಿಯ ಉದ್ದಕ್ಕೂ ಈಗ ಒಂದು ಹೊಳೆಯುವ ಪಟ್ಟಿ. ಮುಂದಿನ ಕೆಲಸಕ್ಕೆ ಈ ಪಟ್ಟಿಯೇ ಗುರುತು.

ಇಳಿಜಾರು

ಕೋನವನ್ನು ಕಣ್ಣಳತೆಗೆ ಬಿಡದೆ ಲೆಕ್ಕ ಹಾಕಿಕೊಳ್ಳಬಹುದು. ಅಲಗಿನ ಅಗಲ 20 ಮಿಲಿಮೀಟರ್ ಇದ್ದರೆ, 15 ಡಿಗ್ರಿಗೆ ಬೆನ್ನಿನ ನಡುಗೆರೆ ಕಲ್ಲಿನಿಂದ 5.2 ಮಿಲಿಮೀಟರ್ ಮೇಲಿರಬೇಕು, 20 ಡಿಗ್ರಿಗೆ 6.8. ಬೆನ್ನಿನ ಅರ್ಧ ದಪ್ಪ ಕಳೆದರೆ ಕಲ್ಲಿಗೂ ಬೆನ್ನಿಗೂ ನಡುವಿನ ಸಂದು ಸುಮಾರು 3.7 ಮತ್ತು 5.4. ಆ ಎರಡು ದಪ್ಪಕ್ಕೆ ಮರದ ಚೂರು ಕತ್ತರಿಸಿಟ್ಟುಕೊಂಡು ಆಗಾಗ ಬೆನ್ನಿನ ಕೆಳಗೆ ಇಟ್ಟು ನೋಡಿದರೆ ಕೈಗೆ ಅಭ್ಯಾಸವಾಗುತ್ತದೆ.

ಇಳಿಜಾರಿಗೆ ಮಾರ್ಕರ್ ಬಳಿದು ಎರಡು ಸಲ ಎಳೆದು ನೋಡಬೇಕು. ಬಣ್ಣ ಮೇಲಂಚಿನಲ್ಲಿ ಮಾತ್ರ ಹೋದರೆ ಕೋನ ಕಡಿಮೆ, ತುದಿಯಲ್ಲಿ ಮಾತ್ರ ಹೋದರೆ ಕೋನ ಜಾಸ್ತಿ. 15 ಡಿಗ್ರಿಯಲ್ಲಿ ಮೇಲಂಚಿನ ಬಣ್ಣವೇ ಮೊದಲು ಹೋಗಬೇಕು, ನಾವು ತೆಳು ಮಾಡುತ್ತಿರುವುದು ಅಲ್ಲೇ ತಾನೆ.

ಡೈಮಂಡ್ ಯಾಕೆ ಅಂದರೆ ಉಜ್ಜಬೇಕಾದ ಉಕ್ಕು ಜಾಸ್ತಿ ಇದೆ, ಡೈಮಂಡ್ ಪ್ಲೇಟ್ ಸವೆದು ಗುಳಿ ಬೀಳುವುದಿಲ್ಲ. ಅಲ್ಯುಮಿನಿಯಂ ಆಕ್ಸೈಡ್ ಕಲ್ಲೂ ಡಿ2ನ ಕ್ರೋಮಿಯಂ ಕಾರ್ಬೈಡನ್ನು ಕತ್ತರಿಸುತ್ತದೆ, ನಿಧಾನ ಅಷ್ಟೇ. ವನೇಡಿಯಂ ಕಾರ್ಬೈಡ್ ತುಂಬಿದ ಉಕ್ಕುಗಳಾದರೆ ಡೈಮಂಡ್ ಇದ್ದರೇ ಒಳ್ಳೆಯದು, ಆ ಕಣಗಳು ಅಲ್ಯುಮಿನಿಯಂ ಆಕ್ಸೈಡ್‌ಗಿಂತಲೂ ಗಡಸು.

ಎರಡು ಪಕ್ಕವನ್ನೂ ಸರದಿಯಲ್ಲಿ ಉಜ್ಜುತ್ತಾ, ಬಾಯಿಯ ಹೊಳೆಯುವ ಪಟ್ಟಿ ದಾರದಷ್ಟು ತೆಳುವಾಗುವವರೆಗೆ ಬಂದೆ. ಪಟ್ಟಿ ಪೂರ್ತಿ ಹೋಗುವ ಮುಂಚೆ ನಿಲ್ಲಿಸಿದೆ. ಉಳಿದದ್ದನ್ನು 600 ಮೆಶ್ ಪ್ಲೇಟಿನಲ್ಲಿ, 25 ಮೈಕ್ರಾನ್ ಕಣದಲ್ಲಿ, 20 ಡಿಗ್ರಿಗೆ ಮುಗಿಸಿದೆ.

ಬರ್ ತೆಗೆಯುವುದು

ಮಸೆಯುವ ಕೆಲಸದ ಅರ್ಧ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಒಂದು ಪಕ್ಕ ತುದಿಯವರೆಗೂ ಸವೆದಾಗ ಆಚೆ ಪಕ್ಕಕ್ಕೆ ಉಕ್ಕಿನ ತೆಳು ಪದರ ಏಳುತ್ತದೆ. ಅದೇ ಬರ್. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹೊರಕ್ಕೆ ಜಾರಿಸಿದರೆ ಸಿಕ್ಕುತ್ತದೆ. ಉದ್ದಕ್ಕೆ ಮಾತ್ರ ಬೆರಳು ಎಳೆಯಬಾರದು. ಬುಡದಿಂದ ಮೊನೆಯವರೆಗೆ ಎಲ್ಲೂ ತಪ್ಪದೆ ಬರ್ ಎದ್ದಿರಬೇಕು. ಎದ್ದಿಲ್ಲದ ಜಾಗದಲ್ಲಿ ಬಾಯಿ ಇನ್ನೂ ಕೂಡಿಲ್ಲ. ಸಾಮಾನ್ಯವಾಗಿ ಮೊನೆಯಲ್ಲಿ ಮತ್ತು ಬುಡದ ಕೊನೆಯಲ್ಲಿ ಕೊರತೆ ಇರುತ್ತದೆ.

ಬರ್ ಇರುವ ಚಾಕು ಕಾಗದವನ್ನು ಚೆನ್ನಾಗಿಯೇ ಕತ್ತರಿಸುತ್ತದೆ. ಹಾಗಾಗಿ ಕೆಲಸ ಮುಗಿಯಿತು ಅನಿಸುತ್ತದೆ. ಒಂದು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಆ ಪದರ ಮಡಚಿ ಬೀಳುತ್ತದೆ, ಚಾಕು ಮೊಂಡು. ಉಕ್ಕು ಸರಿಯಿಲ್ಲ ಎಂದು ದೂರುವ ಮುಂಚೆ ಬರ್ ಹೋಗಿದೆಯಾ ನೋಡಬೇಕು.

ತೆಗೆಯುವ ಕ್ರಮ ಇದು. ಒಂದು ಪಕ್ಕ ಒಂದು ಎಳೆತ, ಇನ್ನೊಂದು ಪಕ್ಕ ಒಂದು ಎಳೆತ, ಬಾಯಿ ಮುಂದಾಗಿ, ಚಾಕುವಿನ ಭಾರ ಮಾತ್ರ ಬೀಳುವಷ್ಟು ಹಗುರವಾಗಿ. ಒತ್ತಿದರೆ ಬರ್ ಆಚೆ ಈಚೆ ಹೊರಳುತ್ತದೆ ಹೊರತು ಹೋಗುವುದಿಲ್ಲ. ಆಮೇಲೆ ಕೋನವನ್ನು ಒಂದೆರಡು ಡಿಗ್ರಿ ಏರಿಸಿ ಅಷ್ಟೇ ಹಗುರವಾಗಿ ಇನ್ನೊಂದೆರಡು ಎಳೆತ. ಕೊನೆಗೆ ಸಣ್ಣ ಪಾಲಿಶ್ ಪೇಸ್ಟ್ ಹಚ್ಚಿದ ಚರ್ಮದ ಪಟ್ಟಿಯಲ್ಲಿ, ಬಾಯಿ ಹಿಂದಾಗಿ, ನಾಲ್ಕೈದು ಸಲ. ಅದಕ್ಕಿಂತ ಜಾಸ್ತಿ ಬೇಡ. ರಟ್ಟು, ಹಗ್ಗ ಕತ್ತರಿಸುವ ಚಾಕುವಿಗೆ ಸ್ವಲ್ಪ ಒರಟು ಬಾಯಿಯೇ ಬೇಕು. 25 ಮೈಕ್ರಾನ್ ಕಣ ಉಳಿಸಿದ ಸಣ್ಣ ಹಲ್ಲುಗಳು ನಾರನ್ನು ಹಿಡಿದು ಕತ್ತರಿಸುತ್ತವೆ. ಕನ್ನಡಿಯಂತೆ ಹೊಳೆಯಿಸಿದ ಬಾಯಿ ಹಗ್ಗದ ಮೇಲೆ ಜಾರುತ್ತದೆ.

ಪರೀಕ್ಷೆ

ತೆಳು ಕಾಗದದಲ್ಲಿ ಬುಡದಿಂದ ಮೊನೆಯವರೆಗೆ ಒಂದೇ ಎಳೆತ. ದನಿ ಒಂದೇ ಸಮ ಬರಬೇಕು. ಉಳಿಸಿದ ಮುಕ್ಕಿನ ಜಾಗದಲ್ಲಿ ಸಣ್ಣ ತಡೆ ಕೇಳಿಸಿತು, ಅದು ನಿರೀಕ್ಷಿಸಿದ್ದೇ. ಉಳಿದ ಕಡೆ ಶುದ್ಧ.

ನಾನು ಹೆಚ್ಚು ನಂಬುವುದು ಮರದ ಪರೀಕ್ಷೆಯನ್ನು. ಒಣಗಿದ ಗಟ್ಟಿ ಮರದ ಕಡ್ಡಿಯಿಂದ ತೆಳು ಸಿಪ್ಪೆಗಳನ್ನು ಕೆತ್ತಿ, ಮತ್ತೆ ಟಾರ್ಚಿನ ಕೆಳಗೆ ಬಾಯಿ ನೋಡಬೇಕು. ಹೊಳೆಯುವ ಚುಕ್ಕೆ ಕಂಡರೆ ಅಲ್ಲಿ ಬರ್ ಉಳಿದಿತ್ತು, ಈಗ ಮಡಚಿದೆ. ಮುಂದಿನ ಬಾಗಿನಲ್ಲಿ ಅಂಥ ಒಂದು ಚುಕ್ಕೆ ಸಿಕ್ಕಿತು. 600ರ ಪ್ಲೇಟಿನಲ್ಲಿ ಆ ಜಾಗವನ್ನು ಹಗುರವಾಗಿ ಎಳೆದು, ಚರ್ಮದ ಪಟ್ಟಿಗೆ ತಾಗಿಸಿ, ಮತ್ತೆ ಕೆತ್ತಿ ನೋಡಿದಾಗ ಏನೂ ಕಾಣಲಿಲ್ಲ.

ಪಕ್ಕದ ಮೇಲಿನ ತುಕ್ಕಿನ ಚುಕ್ಕೆಗಳನ್ನು ಎಣ್ಣೆ ಹಚ್ಚಿದ 1000ದ ಮರಳು ಕಾಗದದಲ್ಲಿ ಉಜ್ಜಿ ತೆಗೆದೆ. ಒಂದೆರಡು ಸಣ್ಣ ಗುಳಿಗಳು ಉಳಿದವು. ಅವನ್ನು ಪೂರ್ತಿ ಅಳಿಸಲು ಅಲಗನ್ನೇ ತೆಳು ಮಾಡಬೇಕಾಗುತ್ತದೆ, ಹಾಗಾಗಿ ಬಿಟ್ಟೆ. ಕೀಲಿನ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಒಂದೊಂದು ಹನಿ ಎಣ್ಣೆ ಹಾಕಿ ಜೋಡಿಸಿದೆ. ಕೀಲಿನ ತಿರುಪು ಅಲಗು ಅಲುಗಾಡದಷ್ಟು ಬಿಗಿ, ಸಲೀಸಾಗಿ ತೆರೆಯುವಷ್ಟು ಸಡಿಲ. ಮಡಚಿ, ಮೊನೆ ಹಿಡಿಯ ಒಳಗಿದೆಯಾ ಎಂದು ಬೆರಳು ಸವರಿ ನೋಡಿದೆ. ಬೆನ್ನನ್ನು ಒತ್ತಿ, ಬಾಯಿ ಒಳಗೆ ಯಾವ ಲೋಹಕ್ಕೂ ತಾಗುತ್ತಿಲ್ಲ ಎಂದೂ ಖಚಿತ ಮಾಡಿಕೊಂಡೆ. ಕೆಲವು ಚಾಕುಗಳಲ್ಲಿ ಮಡಚುವಾಗ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿದು ಪ್ರತಿ ಸಲ ಒಂದೇ ಜಾಗದಲ್ಲಿ ಮುಕ್ಕಾಗುತ್ತದೆ. ಅಂಥ ಮುಕ್ಕಿಗೆ ಎಷ್ಟು ಮಸೆದರೂ ಪರಿಹಾರವಿಲ್ಲ, ಮೊದಲು ಬಡಿತ ನಿಲ್ಲಬೇಕು.

ಚಾಕು ಮತ್ತೆ ಅದೇ ಕೆಲಸಕ್ಕೆ ಇಳಿದಿದೆ. ರಟ್ಟಿನಲ್ಲಿ ಮೊದಲಿಗಿಂತ ಹಗುರವಾಗಿ ಹೋಗುತ್ತಿದೆ, ತೆಳು ಮಾಡಿದ್ದರ ಫಲ ಅದು. ಕೇಬಲ್ ಟೈಗಳನ್ನು ಈಗಲೂ ಬುಡದಲ್ಲೇ ಕತ್ತರಿಸುತ್ತೇನೆ, ಆದರೆ ಮಣಿಕಟ್ಟು ತಿರುಗಿಸದೆ ನೇರ ಎಳೆಯುತ್ತೇನೆ. ಹೊಸ ಮುಕ್ಕು ಕಂಡಿಲ್ಲ. ಮುಂದೆ 20 ಡಿಗ್ರಿಯಲ್ಲೂ ಅಲ್ಲಿ ಚಕ್ಕೆ ಎದ್ದರೆ ಬುಡದ ಒಂದಂಗುಲವನ್ನು ಮಾತ್ರ 22ಕ್ಕೆ ಏರಿಸುವೆ, ಮುಂಭಾಗವನ್ನು ಹೀಗೇ ಬಿಡುವೆ. ಮೀಟಲು ಒಂದು ಚಪ್ಪಟೆ ಸ್ಕ್ರೂಡ್ರೈವರ್ ಬೇರೆ ಇಟ್ಟುಕೊಂಡಿದ್ದೇನೆ.